ಹಿಯರಾನಿಮೊನ ಅಹವಾಲು

ಓದುಗ: ಸೇಡಿನ ನಾಟಕಗಳ ನಾಯಕರಿಗೆ ಪ್ರೇಕ್ಷಕರು ಮರುಗುತ್ತಿದ್ದರು ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. 1580ರ ದಶಕದ ಕೊನೆಯಿಂದ ಮೂರು ದಶಕಗಳ ಕಾಲ ಲಂಡನ್ನಿನ ರಂಗದ ಮೇಲೆ ಇಂಥ ನಾಯಕರು ಒಬ್ಬರ ಹಿಂದೊಬ್ಬರು ಬಂದರು. ಕಾರಣ ಏನೇ ಇರಲಿ, ಅವರಲ್ಲಿ ಬಹುತೇಕ ಎಲ್ಲರೂ ಕೊನೆಗೆ ಕೊಲೆಗಾರರೇ. ಅದೇ ಊರಿನ ಚರ್ಚುಗಳಲ್ಲಿ ಅದೇ ಜನ ಕೇಳುತ್ತಿದ್ದ ಉಪದೇಶ ಬೇರೆ: ಸೇಡು ದೇವರಿಗೆ ಬಿಟ್ಟ ವಿಷಯ, ಅದಕ್ಕೆ ಕೈ ಹಾಕಿದವನು ದೇವರ ಅಧಿಕಾರವನ್ನೇ ಕಸಿದುಕೊಂಡಂತೆ. ಪೌಲ ರೋಮನ್ನರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯ ಅವರಿಗೆ ಚೆನ್ನಾಗಿ ಪರಿಚಯವಿದ್ದದ್ದು. ಕಾನೂನು ಬಲ್ಲ ಫ್ರಾನ್ಸಿಸ್ ಬೇಕನ್ ಕೂಡ 1625ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ, ಸೇಡು ಕಾನೂನಿನ ಬುಡವನ್ನೇ ಅಲುಗಿಸುತ್ತದೆ ಎಂದು ಎಚ್ಚರಿಸಿದ. ಹೀಗಿರುವಾಗ ಆ ಪ್ರೇಕ್ಷಕರು ನಾಯಕನ ಪಕ್ಷ ವಹಿಸಿದರು ಅನ್ನುವುದು ನಮ್ಮ ಕಾಲದ ಮನಸ್ಸನ್ನು ಅವರೊಳಗೆ ಇಟ್ಟು ನೋಡಿದಂತೆ ಆಗುವುದಿಲ್ಲವೆ? ಎಲಿನಾರ್ ಪ್ರಾಸರ್ 1967ರಲ್ಲಿ ಹ್ಯಾಮ್ಲೆಟ್ ಮತ್ತು ಸೇಡಿನ ಬಗ್ಗೆ ಬರೆದ ಪುಸ್ತಕದ ತಿರುಳೂ ಇದೇ: ಅಂದಿನವರಿಗೆ ಸೇಡು ಪಾಪ, ಸೇಡಿನವನು ಪಾಪಿ.

ನೋಡುಗ: ಪ್ರಾಸರ್ ಕಲೆಹಾಕಿದ ಉಪದೇಶಗಳು ಸುಳ್ಳಲ್ಲ. ಆದರೆ ಅಷ್ಟು ಮಂದಿ ಬೋಧಕರು ಅಷ್ಟು ಸಲ ಖಂಡಿಸಬೇಕಾಯಿತು ಅಂದರೆ, ಖಂಡಿಸಿದ ಭಾವನೆ ಜನರಲ್ಲಿ ಎಷ್ಟು ಬಲವಾಗಿತ್ತು ಅನ್ನುವುದಕ್ಕೂ ಆ ಉಪದೇಶಗಳೇ ಸಾಕ್ಷಿ. ಇನ್ನು ಕಾನೂನಿನ ಮಾತು. ಇಂಗ್ಲೆಂಡಿನಲ್ಲಿ ಕೊಲೆಯಾದವನ ಹೆಂಡತಿಯೋ ವಾರಸುದಾರನೋ ಕೊಲೆಗಾರನ ಮೇಲೆ ಖಾಸಗಿಯಾಗಿ ಮೊಕದ್ದಮೆ ಹೂಡಬಹುದಿತ್ತು. ರಾಜ ಕೊಟ್ಟ ಕ್ಷಮಾದಾನಕ್ಕೂ ಆ ಮೊಕದ್ದಮೆಯನ್ನು ತಡೆಯುವ ಶಕ್ತಿ ಇರಲಿಲ್ಲ. ಆ ಹಕ್ಕನ್ನು ರದ್ದು ಮಾಡಿದ್ದು 1819ರಲ್ಲಿ. ಸತ್ತವನ ಮನೆಯವರಿಗೆ ಕೊಲೆಗಾರನ ಮೇಲೆ ತಮ್ಮದೇ ಆದ ಲೆಕ್ಕವೊಂದು ಬಾಕಿ ಇರುತ್ತದೆ ಎಂದು ಕಾನೂನೇ ಒಪ್ಪಿಕೊಂಡಿತ್ತು. ಪ್ರಭುತ್ವವಂತೂ ಇನ್ನೂ ಮುಂದೆ ಹೋಗಿತ್ತು. 1584ರ ‘ಬಾಂಡ್ ಆಫ್ ಅಸೋಸಿಯೇಷನ್’ ಎಂಬ ಪ್ರತಿಜ್ಞಾಪತ್ರವನ್ನು ನೋಡಿ. ರಾಣಿ ಎಲಿಜಬೆತ್‌ಳ ಪ್ರಾಣಕ್ಕೆ ಯಾರಾದರೂ ಕೈ ಹಾಕಿದರೆ ಅವರನ್ನಷ್ಟೇ ಅಲ್ಲ, ಆ ಸಂಚಿನಿಂದ ಯಾರಿಗೆ ಸಿಂಹಾಸನ ಸಿಗಬಹುದೋ ಅವರನ್ನೂ ಬೆನ್ನಟ್ಟಿ ಕೊಲ್ಲುತ್ತೇವೆ ಎಂದು ಸಾವಿರಾರು ಮಂದಿ ಗೌರವಸ್ಥರು ರುಜು ಹಾಕಿದರು. ಬರೆಸಿದವರು ರಾಣಿಯ ಮಂತ್ರಿಗಳೇ. ಹಾಗೆ ಸಿಂಹಾಸನ ಸಿಗಬಹುದಾಗಿದ್ದ ಸ್ಕಾಟ್ಲೆಂಡಿನ ಮೇರಿಯ ತಲೆ ಹೋದದ್ದು 1587ರ ಫೆಬ್ರುವರಿಯಲ್ಲಿ. ಥಾಮಸ್ ಕಿಡ್‌ನ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ ರಂಗಕ್ಕೆ ಬಂದದ್ದೂ ಹೆಚ್ಚುಕಡಿಮೆ ಆ ವರ್ಷಗಳಲ್ಲೇ. ಸೇಡಿನ ಬಗ್ಗೆ ಒಂದೇ ಮನಸ್ಸಿದ್ದ ಸಮಾಜ ಅದಲ್ಲ.

ಓದುಗ: ಸರಿ, ಎರಡು ಮನಸ್ಸಿತ್ತು ಅಂತಲೇ ಇಟ್ಟುಕೊಳ್ಳೋಣ. ಅದರಲ್ಲಿ ಮರುಕದ ಮನಸ್ಸೇ ನಾಟಕಶಾಲೆಗೆ ಬರುತ್ತಿತ್ತು ಎಂದು ಹೇಗೆ ಹೇಳುತ್ತೀರಿ? ರಕ್ತ ನೋಡುವ ಚಪಲಕ್ಕೆ ಬಂದಿರಬಹುದಲ್ಲ? ಗಲ್ಲಿಗೇರಿಸುವುದನ್ನು ನೋಡಲು ಮುಗಿಬೀಳುತ್ತಿದ್ದ ಜನ ಅವರು.

ನೋಡುಗ: ಅವರು ಯಾವುದಕ್ಕೆ ದುಡ್ಡು ಕೊಟ್ಟರು ಅನ್ನುವುದನ್ನು ತಕ್ಕಮಟ್ಟಿಗೆ ಊಹಿಸಬಹುದು. ಹೆನ್ಸ್‌ಲೋ ಎಂಬ ರಂಗಮಾಲೀಕನ ಲೆಕ್ಕದ ಪುಸ್ತಕ ಉಳಿದಿದೆ. 1592ರಿಂದ 1597ರೊಳಗೆ ಕಿಡ್‌ನ ಈ ನಾಟಕದ 29 ಪ್ರದರ್ಶನಗಳು ಅದರಲ್ಲಿ ದಾಖಲಾಗಿವೆ. ನಾಟಕ ಹಳತಾದಾಗ, 1601 ಮತ್ತು 1602ರಲ್ಲಿ, ಅದಕ್ಕೆ ಹೊಸ ಭಾಗಗಳನ್ನು ಬರೆದುಕೊಡಲು ಆತ ಬೆನ್ ಜಾನ್ಸನ್‌ಗೆ ಹಣ ಕೊಟ್ಟ. 1602ರ ಮುದ್ರಣದಲ್ಲಿ ಕಾಣುವ ಸೇರ್ಪಡೆಗಳು ಜಾನ್ಸನ್‌ನವೋ ಬೇರೆಯವರವೋ ಎಂಬ ವಾದ ಇನ್ನೂ ಮುಗಿದಿಲ್ಲ. ಯಾರವಾದರೂ ಆಗಲಿ, ಅವುಗಳಲ್ಲಿ ಏನಿದೆ ಅನ್ನುವುದು ಮುಖ್ಯ. ಹೊಸದೊಂದು ಕೊಲೆ ಅಲ್ಲಿಲ್ಲ. ಬಹುಪಾಲು ಇರುವುದು ಮಗನನ್ನು ಕಳೆದುಕೊಂಡ ತಂದೆಯ ಸಂಕಟ. ಒಂದು ದೃಶ್ಯದಲ್ಲಿ ಆ ತಂದೆ ಹಿಯರಾನಿಮೊನ ಬಳಿಗೆ ಒಬ್ಬ ಚಿತ್ರಕಾರ ಬರುತ್ತಾನೆ. ಅವನ ಮಗನನ್ನೂ ಯಾರೋ ಕೊಂದಿದ್ದಾರೆ. ಹಿಯರಾನಿಮೊ ಅವನಿಗೆ ತನ್ನ ಮನೆಯವರ ಚಿತ್ರ ಬರೆಯಲು ಹೇಳುತ್ತಾ, ಅಳುವಿನ ದನಿಯನ್ನು ಬಣ್ಣದಲ್ಲಿ ತರಬಲ್ಲೆಯಾ ಎಂದು ಕೇಳುತ್ತಾನೆ. ಹದಿನೈದು ವರ್ಷ ಓಡಿದ ನಾಟಕವನ್ನು ಮತ್ತೆ ಓಡಿಸಲು ವ್ಯವಹಾರಸ್ಥನೊಬ್ಬ ಹುಡುಕಿದ ದಾರಿ ಇದು. ಬರಿ ರಕ್ತದ ಚಪಲವೇ ಆಗಿದ್ದರೆ ಇನ್ನೆರಡು ಹೆಣ ಬೀಳಿಸಬಹುದಿತ್ತು.

ಓದುಗ: ದುಃಖಕ್ಕೆ ಮರುಗುವುದು ಬೇರೆ, ಸೇಡಿನವನ ಜೊತೆ ನಿಲ್ಲುವುದು ಬೇರೆ. ದುಃಖಪಟ್ಟವರೆಲ್ಲ ಸೇಡಿಗೆ ಹೊರಡುವುದಿಲ್ಲ. ಹಿಯರಾನಿಮೊನ ಹೆಂಡತಿ ಇಸಬೆಲ್ಲಾ ಮಗನನ್ನು ನೇಣುಹಾಕಿದ ಬಳ್ಳಿಚಪ್ಪರವನ್ನು ಕಡಿದುಹಾಕಿ ತನ್ನನ್ನೇ ತಿವಿದುಕೊಂಡು ಸಾಯುತ್ತಾಳೆ. ಅವಳಿಗೆ ನಾನು ಸಂಪೂರ್ಣವಾಗಿ ಮರುಗುತ್ತೇನೆ.

ನೋಡುಗ: ನನ್ನ ವಾದ ನಿಂತಿರುವುದು ಅಲ್ಲೇ. ಈ ನಾಟಕಗಳಲ್ಲಿ ನಮ್ಮ ಸಹಾನುಭೂತಿ ಹರಿಯುವುದು ದುಃಖದ ಕಡೆಗಷ್ಟೇ ಅಲ್ಲ. ಅಹವಾಲು ಹಿಡಿದುಕೊಂಡು ಹೋದಾಗ ಯಾರ ಮುಖಕ್ಕೆ ಬಾಗಿಲು ಮುಚ್ಚುತ್ತದೋ ಅವರ ಕಡೆಗೆ. ಹಿಯರಾನಿಮೊ ಯಾರು? ಸ್ಪೇನಿನ ಅರಮನೆಯ ನ್ಯಾಯಾಧಿಕಾರಿ. ಊರಿಗೆಲ್ಲ ನ್ಯಾಯ ಹೇಳುವುದೇ ಅವನ ನೌಕರಿ. ಕಿಡ್ ಮೂರನೆಯ ಅಂಕದಲ್ಲಿ ಅವನನ್ನು ನ್ಯಾಯಪೀಠದ ಮೇಲೇ ಕೂರಿಸುತ್ತಾನೆ. ಎದುರಿಗೆ ಪೆಡ್ರಿಂಗಾನೊ. ಹಿಯರಾನಿಮೊನ ಮಗ ಹೊರೇಷಿಯೊನ ಕೊಲೆಯಲ್ಲಿ ಇವನ ಕೈಯೂ ಇದೆ, ಆದರೆ ಅದು ಹಿಯರಾನಿಮೊಗೆ ಗೊತ್ತಿಲ್ಲ. ವಿಚಾರಣೆ ನಡೆಯುತ್ತಿರುವುದು ಇನ್ನೊಂದು ಕೊಲೆಗಾಗಿ. ಹೊರೇಷಿಯೊನ ಕೊಲೆಗೆ ಪೆಡ್ರಿಂಗಾನೊನನ್ನು ಬಳಸಿಕೊಂಡ ಲೊರೆಂಜೊ ಒಬ್ಬ ಹುಡುಗನ ಕೈಯಲ್ಲಿ ಡಬ್ಬಿಯೊಂದನ್ನು ಕೊಟ್ಟು ಕಳಿಸಿದ್ದಾನೆ, ಅದರೊಳಗೆ ಕ್ಷಮಾಪತ್ರ ಇದೆ ಎಂದು ನಂಬಿಸಿ. ಹುಡುಗ ದಾರಿಯಲ್ಲಿ ಮುಚ್ಚಳ ತೆಗೆದು ನೋಡಿದ್ದಾನೆ, ಡಬ್ಬಿ ಖಾಲಿ. ಗಲ್ಲಿನ ಕೆಳಗೆ ನಿಂತ ಪೆಡ್ರಿಂಗಾನೊ ಡಬ್ಬಿಯನ್ನು ನೆಚ್ಚಿಕೊಂಡು ಗಲ್ಲಿಗೇರಿಸುವವನನ್ನೇ ಹಾಸ್ಯ ಮಾಡುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆ ನಗುವಿನ ನಡುವೆ ಹಿಯರಾನಿಮೊ ತನ್ನೊಳಗೆ ಹೇಳಿಕೊಳ್ಳುವುದು, ಬೇರೆಯವರಿಗೆ ನ್ಯಾಯ ಕೊಡುವ ತನಗೆ ನ್ಯಾಯ ಕೊಡುವವರು ಯಾರೂ ಇಲ್ಲವಲ್ಲ ಎಂದು. ತನ್ನ ಮಗನ ಕೊಲೆಗೆ ಸೇರಿದವನನ್ನು ಅವನು ತಿಳಿಯದೆಯೇ ಗಲ್ಲಿಗೆ ಕಳಿಸುತ್ತಿದ್ದಾನೆ. ತಿಳಿದವರು ನಾವು ಮಾತ್ರ. ಆ ಕ್ಷಣದಲ್ಲಿ ನಾಟಕಶಾಲೆಯೇ ಅವನ ಮೊಕದ್ದಮೆ ಕೇಳುವ ಏಕೈಕ ಕಚೇರಿ.

ಓದುಗ: ಆದರೆ ಅವನು ರಾಜನ ಬಳಿಗೆ ಹೋಗಬಹುದಿತ್ತು.

ನೋಡುಗ: ಹೋದ. ರಾಜನೆದುರು ನಿಂತು ನ್ಯಾಯ ನ್ಯಾಯ ಎಂದು ಕೂಗಿದ. ಲೊರೆಂಜೊ ನಡುವೆ ಬಂದು ತಡೆದ, ಅವನಿಗೆ ಬುದ್ಧಿ ಕೆಟ್ಟಿದೆ, ಹೊರೇಷಿಯೊ ಸೆರೆಹಿಡಿದಿದ್ದ ಬಾಲ್ತಜಾರ್‌ನ ಬಿಡುಗಡೆ ಹಣಕ್ಕಾಗಿ ಹೀಗಾಡುತ್ತಿದ್ದಾನೆ ಎಂದು ರಾಜನ ಕಿವಿಗೆ ಹಾಕಿದ. ಅಷ್ಟರಲ್ಲಾಗಲೇ ಹಿಯರಾನಿಮೊ ಕಠಾರಿಯಿಂದ ನೆಲ ಅಗೆಯತೊಡಗಿದ್ದ, ಮಗನನ್ನು ಹೊರಗೆ ತೆಗೆಯುತ್ತೇನೆ ಎಂದು. ಮುಂದಿನ ದೃಶ್ಯದಲ್ಲಿ ಊರ ಜನ ತಂತಮ್ಮ ದಾವೆಗಳ ಕಾಗದ ಹಿಡಿದು ಅವನ ಮುಂದೆ ಬರುತ್ತಾರೆ. ಅವರ ಹಿಂದೆ ಮಾತಿಲ್ಲದೆ ನಿಂತ ಒಬ್ಬ ಮುದುಕ, ಬಜುಲ್ಟೊ. ಕೊಲೆಯಾದ ಮಗನ ಬಗ್ಗೆ ಅವನ ಅರ್ಜಿ. ಅವನ ಕಣ್ಣೊರೆಸಲು ಹಿಯರಾನಿಮೊ ಕರವಸ್ತ್ರ ತೆಗೆದರೆ, ಕೈಗೆ ಬಂದದ್ದು ಹೊರೇಷಿಯೊನ ರಕ್ತದಲ್ಲಿ ಅದ್ದಿ ತಾನೇ ಜೋಪಾನವಾಗಿಟ್ಟ ಬಟ್ಟೆ. ಅಲ್ಲಿಂದ ಮುಂದೆ ಅವನಿಗೆ ಹಿಡಿತ ತಪ್ಪುತ್ತದೆ. ಜನರ ಅರ್ಜಿಗಳನ್ನೆಲ್ಲ ಹರಿದು ಹಲ್ಲಿನಿಂದ ಕಚ್ಚಿಹಾಕುತ್ತಾನೆ. ನನ್ನ ಮಟ್ಟಿಗೆ ಇಡೀ ನಾಟಕದ ಜೀವ ಇರುವುದು ಈ ದೃಶ್ಯದಲ್ಲಿ. ನ್ಯಾಯ ಸಿಗದವನು ಇನ್ನೊಬ್ಬ ನ್ಯಾಯ ಸಿಗದವನ ಅರ್ಜಿಯನ್ನು ಹರಿಯುತ್ತಾನೆ. ಹರಿಯುವುದು ತಪ್ಪೆಂದು ನಮಗೆ ಗೊತ್ತು, ಯಾಕೆ ಹರಿಯುತ್ತಿದ್ದಾನೆ ಅನ್ನುವುದೂ ಗೊತ್ತು. ಒಂದು ತಿಳಿವಳಿಕೆ ಇನ್ನೊಂದನ್ನು ಅಳಿಸುವುದಿಲ್ಲ.

ಓದುಗ: ನೀವು ಹೇಳುವುದನ್ನೆಲ್ಲ ಸ್ವಗತದ ಕೌಶಲ ಎಂದೂ ವಿವರಿಸಬಹುದು. ಯಾವ ಪಾತ್ರ ನಮ್ಮ ಜೊತೆ ಒಂಟಿಯಾಗಿ ಮಾತಾಡುತ್ತದೋ ಅದಕ್ಕೆ ನಾವು ಹತ್ತಿರವಾಗುತ್ತೇವೆ. ಅಹವಾಲಿನ ತತ್ವವೇನೂ ಬೇಕಾಗಿಲ್ಲ.

ನೋಡುಗ: ಹಾಗಿದ್ದರೆ ಮೂರನೆಯ ರಿಚರ್ಡ್‌ಗೂ ಇಯಾಗೋಗೂ ನಾವು ಹೀಗೇ ಮರುಗಬೇಕಿತ್ತು. ಅವರು ನಮ್ಮ ಜೊತೆ ಬೇಕಾದಷ್ಟು ಮಾತಾಡುತ್ತಾರೆ. ಅವರ ಜಾಣತನಕ್ಕೆ ಬೆರಗಾಗುತ್ತೇವೆ, ಮರುಗುವುದಿಲ್ಲ. ಸ್ವಗತ ಬಾಗಿಲು ತೆರೆಯುತ್ತದೆ. ಒಳಗೆ ಏನಿದೆ ಅನ್ನುವುದರ ಮೇಲೆ ಉಳಿದದ್ದು. ನನ್ನ ಮಾತಿಗೆ ಇನ್ನೂ ಗಟ್ಟಿಯಾದ ಆಧಾರ ಶೇಕ್ಸ್‌ಪಿಯರ್‌ನ ‘ಟೈಟಸ್ ಆಂಡ್ರಾನಿಕಸ್’. ಅದು 1594ರಲ್ಲಿ ಅಚ್ಚಾಯಿತು. ಅದರ ಸೇಡಿನ ಸರಣಿ ಶುರುವಾಗುವುದೇ ತಿರಸ್ಕೃತವಾದ ಒಂದು ಮೊರೆಯಿಂದ. ಗಾಥರ ರಾಣಿ ಟಮೋರಾ ತನ್ನ ಹಿರಿಯ ಮಗನ ಪ್ರಾಣ ಉಳಿಸಿ ಎಂದು ಬೇಡುತ್ತಾಳೆ. ಟೈಟಸ್ ಒಪ್ಪುವುದಿಲ್ಲ; ಹುಡುಗನನ್ನು ಬಲಿ ಕೊಡಲಾಗುತ್ತದೆ. ಆ ಕ್ಷಣದಲ್ಲಿ ನಮ್ಮ ಮನಸ್ಸು ಯಾರ ಕಡೆ? ಟಮೋರಾಳ ಕಡೆ, ಅವಳು ಮುಂದೆ ನಾಟಕದ ಅತಿ ಕ್ರೂರ ಪಾತ್ರಗಳಲ್ಲಿ ಒಬ್ಬಳಾದರೂ. ಎರಡನೆಯ ಅಂಕದಲ್ಲಿ ಟೈಟಸ್‌ನ ಮಗಳು ಲವೀನಿಯಾ ಟಮೋರಾಳನ್ನು ಬೇಡುತ್ತಾಳೆ. ಟಮೋರಾ ಕೇಳುವುದಿಲ್ಲ, ಲವೀನಿಯಾಳ ಮೇಲೆ ಅತ್ಯಾಚಾರ ನಡೆಯುತ್ತದೆ, ಅವಳ ಕೈಗಳೂ ನಾಲಗೆಯೂ ಹೋಗುತ್ತವೆ. ಮೂರನೆಯ ಅಂಕದಲ್ಲಿ ಟೈಟಸ್ ರೋಮಿನ ಅಧಿಕಾರಿಗಳ ಮುಂದೆ ನೆಲಕ್ಕೆ ಬಿದ್ದು ಮಕ್ಕಳಿಗಾಗಿ ಬೇಡುತ್ತಾನೆ. ಅವರು ಪಕ್ಕದಲ್ಲೇ ಹಾದು ಹೋಗುತ್ತಾರೆ. ಅವರು ಹೋದಮೇಲೂ ಅವನು ಕಲ್ಲುಗಳಿಗೆ ಹೇಳಿಕೊಳ್ಳುತ್ತಾನೆ. ಮೂರು ಮೊರೆಗಳು, ಮೂರಕ್ಕೂ ಕಿವುಡು. ಸಹಾನುಭೂತಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಆ ಮೊರೆಗಳ ಹಿಂದೆಯೇ. ಗುಣವಂತರು ಯಾರು, ದುಷ್ಟರು ಯಾರು ಎಂಬ ಎಣಿಕೆಯಿಂದ ಈ ಚಲನೆಯನ್ನು ವಿವರಿಸಲಾಗುವುದಿಲ್ಲ.

ಓದುಗ: ಇದು ಬಲವಾದ ಉದಾಹರಣೆ, ಒಪ್ಪಿದೆ. ಆದರೆ ಸಹಾನುಭೂತಿ ಹುಟ್ಟುವುದು ಹೇಗೆ ಅನ್ನುವುದಕ್ಕಿಂತ ಅದು ಸಾಯುವುದು ಎಲ್ಲಿ ಅನ್ನುವುದು ನನಗೆ ದೊಡ್ಡ ಪ್ರಶ್ನೆ. ಫ್ರೆಡ್ಸನ್ ಬೋವರ್ಸ್ 1940ರ ತಮ್ಮ ಗ್ರಂಥದಲ್ಲಿ ಇದಕ್ಕೊಂದು ಉತ್ತರ ಕೊಟ್ಟಿದ್ದಾರೆ: ನಾಯಕ ನೇರ ದಾರಿ ಬಿಟ್ಟು ಕಪಟಕ್ಕೆ, ಸಂಚಿಗೆ ಇಳಿದಾಗ ಆ ಪ್ರೇಕ್ಷಕರು ಅವನ ಕೈಬಿಟ್ಟರು, ಹಿಯರಾನಿಮೊ ಕೊನೆಯ ಹೊತ್ತಿಗೆ ಖಳರ ಸಾಲಿಗೆ ಸೇರುತ್ತಾನೆ. ಕೊನೆಯ ದೃಶ್ಯವನ್ನು ನೆನೆಸಿಕೊಳ್ಳಿ. ಆಸ್ಥಾನದ ನಾಟಕದ ನೆಪದಲ್ಲಿ ಲೊರೆಂಜೊನನ್ನು ನಿಜವಾಗಿಯೇ ತಿವಿದಾಯಿತು, ಕೊಲೆಯಲ್ಲಿ ಪಾಲುಗೊಂಡ ಬಾಲ್ತಜಾರ್‌ನನ್ನು ಲೊರೆಂಜೊನ ಸೋದರಿ ಬೆಲ್-ಇಂಪೀರಿಯಾ ತಿವಿದು ತಾನೂ ಸತ್ತಳು. ತಪ್ಪಿತಸ್ಥರು ಮುಗಿದರು. ಆಮೇಲೂ ಹಿಯರಾನಿಮೊ ತನ್ನ ನಾಲಗೆ ಕಚ್ಚಿ ತುಂಡು ಮಾಡಿ, ಲೇಖನಿ ಹೆರೆಯಬೇಕೆಂದು ಸನ್ನೆ ಮಾಡಿ ಚಾಕು ತರಿಸಿಕೊಂಡು, ಅದರಿಂದ ಕ್ಯಾಸ್ಟೈಲ್‌ನ ಡ್ಯೂಕನನ್ನು ಕೊಲ್ಲುತ್ತಾನೆ. ಡ್ಯೂಕ್ ಲೊರೆಂಜೊನ ತಂದೆ, ಅಷ್ಟೇ. ಹೊರೇಷಿಯೊನ ಕೊಲೆಯ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಮಗನಿಗೂ ಹಿಯರಾನಿಮೊಗೂ ರಾಜಿ ಮಾಡಿಸಲು ನೋಡಿದವನು ಅವನೇ. ಇಲ್ಲಿಯೂ ನಿಮ್ಮ ಸಹಾನುಭೂತಿ ಉಳಿಯುತ್ತದೆಯೆ?

ನೋಡುಗ: ಬೋವರ್ಸ್ ಅವರ ಪುಸ್ತಕಕ್ಕೆ ನಾನು ಋಣಿ, ಆದರೆ ಈ ಮಾತು ನನಗೆ ಒಪ್ಪಿಗೆಯಿಲ್ಲ. ಸಹಾನುಭೂತಿಯನ್ನು ಅವರು ಒಳ್ಳೆಯ ನಡತೆಗೆ ಕೊಡುವ ಬಹುಮಾನದಂತೆ ನೋಡುತ್ತಾರೆ. ನಡತೆ ಕೆಟ್ಟಾಗ ವಾಪಸು ತೆಗೆದುಕೊಳ್ಳಬಹುದು ಎಂಬಂತೆ. ರಂಗದ ಮುಂದೆ ಕೂತವರಿಗೆ ಹಾಗೆ ವಾಪಸು ತೆಗೆದುಕೊಳ್ಳುವ ಅನುಕೂಲ ಇಲ್ಲ. ಮೂರು ಗಂಟೆ ಒಬ್ಬನ ಅಹವಾಲು ಕೇಳಿದವರಿಗೆ ಅವನ ಕೊನೆಯ ಕೆಲಸವನ್ನೂ ನೋಡಲೇಬೇಕಾಗುತ್ತದೆ, ಅದೂ ಅದೇ ಮನಸ್ಸಿನಿಂದ. ಡ್ಯೂಕನ ಕೊಲೆ ಅನ್ಯಾಯ. ಹಾಗೆಂದು ಮಗನ ಹೆಣವನ್ನು ಬಳ್ಳಿಚಪ್ಪರದಿಂದ ಇಳಿಸಿದ ತಂದೆ ಬೇರೆಯವನಾಗುವುದಿಲ್ಲ. ಪ್ರೇಕ್ಷಕ ಅನುಭವಿಸುವುದು ಸಹಾನುಭೂತಿಯ ಸಾವನ್ನಲ್ಲ, ಅದರ ಭಾರವನ್ನು. ಹ್ಯಾಮ್ಲೆಟ್‌ನಲ್ಲಿ ಇದು ಇನ್ನೂ ತೀಕ್ಷ್ಣ. ಪ್ರಾರ್ಥನೆಗೆ ಕೂತ, ತನ್ನ ತಂದೆಯ ಕೊಲೆಗಾರ ಕ್ಲಾಡಿಯಸ್‌ನನ್ನು ಹ್ಯಾಮ್ಲೆಟ್ ಕೊಲ್ಲದೆ ಬಿಡುವುದು ದಯೆಯಿಂದಲ್ಲ, ಪಾಪದಲ್ಲಿ ತೊಡಗಿದಾಗ ಕೊಂದು ನರಕಕ್ಕೇ ಕಳಿಸಬೇಕೆಂದು. ಹದಿನೆಂಟನೆಯ ಶತಮಾನದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಆ ಮಾತುಗಳನ್ನು ಓದಿ ತತ್ತರಿಸಿದ. ಜಾನ್ಸನ್‌ಗೆ ಅಷ್ಟು ನೋವಾಗಲು ಕಾರಣ ಅವನು ಹ್ಯಾಮ್ಲೆಟ್‌ನನ್ನು ಕೈಬಿಟ್ಟಿದ್ದಲ್ಲ, ಬಿಡಲಾಗದೆ ಇದ್ದದ್ದು. ಪರಕೀಯನೊಬ್ಬನ ಕ್ರೌರ್ಯ ನಮ್ಮನ್ನು ಹಾಗೆ ಇರಿಯುವುದಿಲ್ಲ.

ಓದುಗ: ಹ್ಯಾಮ್ಲೆಟ್‌ನ ಹೆಸರೆತ್ತಿದ್ದೀರಿ, ಹಾಗಾದರೆ ಲೇರ್ಟಿಸ್‌ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವನ ತಂದೆ ಪೊಲೋನಿಯಸ್‌ನನ್ನು ಕೊಂದವನು ಹ್ಯಾಮ್ಲೆಟ್. ಹೆಣವನ್ನು ಮರ್ಯಾದೆಯಿಲ್ಲದೆ ಗುಟ್ಟಾಗಿ ಹೂಳಲಾಯಿತು. ತಂಗಿಗೆ ಹುಚ್ಚು ಹಿಡಿಯಿತು, ಅವಳು ನೀರಿನಲ್ಲಿ ಸತ್ತಳು. ನಿಮ್ಮ ಅಳತೆಗೋಲಿನ ಪ್ರಕಾರ ಲೇರ್ಟಿಸ್‌ನ ಅಹವಾಲೂ ಅಷ್ಟೇ ದೊಡ್ಡದು.

ನೋಡುಗ: ಅಷ್ಟೇ ದೊಡ್ಡದು. ಹ್ಯಾಮ್ಲೆಟ್‌ನೇ ಕೊನೆಯ ಅಂಕದಲ್ಲಿ ತನ್ನ ಗೆಳೆಯ, ಕಿಡ್‌ನ ನಾಟಕದವನಲ್ಲದ ಇನ್ನೊಬ್ಬ ಹೊರೇಷಿಯೊನ ಮುಂದೆ ಅದನ್ನು ಒಪ್ಪಿಕೊಳ್ಳುತ್ತಾನೆ. ತನ್ನ ಸಂಕಟದಲ್ಲಿ ಲೇರ್ಟಿಸ್‌ನ ಸಂಕಟದ ರೂಪ ಕಾಣುತ್ತದೆ ಎನ್ನುತ್ತಾನೆ. ವಿಷದ ಕತ್ತಿ ಹಿಡಿದು ಮೋಸ ಮಾಡಿದ ಲೇರ್ಟಿಸ್‌ನನ್ನೂ ನಾವು ಖಳನೆಂದು ತಳ್ಳಿಹಾಕದೆ ಇರುವುದಕ್ಕೆ ಇದೇ ಕಾರಣ. ಅವನು ಸಾಯುವ ಮುಂಚೆ ಹ್ಯಾಮ್ಲೆಟ್‌ನ ಜೊತೆ ಕ್ಷಮೆಯ ವಿನಿಮಯ ಮಾಡಿಕೊಂಡಾಗ ನಮ್ಮ ಎದೆಯ ಬಿಗಿತ ಸಡಿಲವಾಗುತ್ತದೆ. ಇಬ್ಬರ ಪಕ್ಷವನ್ನೂ ಒಟ್ಟಿಗೆ ವಹಿಸಲು ಸಾಧ್ಯವಿಲ್ಲ. ಇಬ್ಬರಿಗೂ ಒಟ್ಟಿಗೆ ಮರುಗಲು ಸಾಧ್ಯ. ಮರುಕ ಅನುಮೋದನೆಯಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಓದುಗ: ಆದರೆ ನಿಮ್ಮ ನಿಯಮಕ್ಕೆ ಬಗ್ಗದ ನಾಟಕಗಳಿವೆ. ಜಾನ್ ಮಾರ್ಸ್ಟನ್‌ನ ‘ಆಂಟೋನಿಯೋಸ್ ರಿವೆಂಜ್’ ಸುಮಾರು 1600ರದು. ತಂದೆಯನ್ನು ಕಳೆದುಕೊಂಡ ಆಂಟೋನಿಯೊ ಶತ್ರುವಿನ ಮಗ ಜೂಲಿಯೊನನ್ನು ಕೊಲ್ಲುತ್ತಾನೆ. ಪುಟ್ಟ ಹುಡುಗ, ಆಂಟೋನಿಯೊನ ಮೇಲೆ ಪ್ರೀತಿ ಇಟ್ಟವನು. ಕೊನೆಗೆ ಸೇಡಿನವರಿಗೆ ಶಿಕ್ಷೆ ಇರಲಿ, ಸೆನೇಟಿನವರಿಂದ ಗೌರವ ಸಿಗುತ್ತದೆ! ಇನ್ನು 1606ರ ಹೊತ್ತಿನ ‘ದಿ ರಿವೆಂಜರ್ಸ್ ಟ್ರ್ಯಾಜಿಡಿ’. ಹಿಂದೆ ಅದು ಟರ್ನರ್‌ನದು ಎನ್ನುತ್ತಿದ್ದರು, ಈಗ ಹೆಚ್ಚಿನವರು ಮಿಡಲ್ಟನ್‌ನದು ಎನ್ನುತ್ತಾರೆ. ಅದರ ವಿಂಡಿಚೆ ತನ್ನ ಪ್ರೇಯಸಿಯ ತಲೆಬುರುಡೆಗೆ ಬಟ್ಟೆ ತೊಡಿಸಿ, ಅದರ ಬಾಯಿಗೆ ವಿಷ ಬಳಿದು, ಅವಳನ್ನು ಕೊಂದ ಮುದಿ ಡ್ಯೂಕ್ ಅದಕ್ಕೇ ಮುತ್ತಿಡುವಂತೆ ಮಾಡುತ್ತಾನೆ. ಅಲ್ಲಿ ಮರುಕ ಎಲ್ಲಿದೆ? ಉಲ್ಲಾಸ ಮಾತ್ರ ಇದೆ.

ನೋಡುಗ: ಮಾರ್ಸ್ಟನ್‌ನಲ್ಲಿ ನನ್ನ ನಿಯಮ ಮುರಿಯುವುದಿಲ್ಲ, ನಾಟಕವೇ ಮುರಿಯುತ್ತದೆ. ಜೂಲಿಯೊ ಬೇಡುವಾಗ ಅಹವಾಲು ಅವನದು, ಕಿವುಡು ಆಂಟೋನಿಯೊನದು. ಆಮೇಲೆ ಸೆನೇಟು ಎಷ್ಟು ಹೊಗಳಿದರೂ ಆ ಮಗುವಿನ ದನಿ ಅಳಿಯುವುದಿಲ್ಲ. ನಾಟಕ ಕೊಟ್ಟ ಗೌರವವನ್ನು ಪ್ರೇಕ್ಷಕ ಕೊಡಬೇಕಾಗಿಲ್ಲ. ವಿಂಡಿಚೆಯ ವಿಷಯ ಹೆಚ್ಚು ಕಠಿಣ. ಮೊದಲ ದೃಶ್ಯದಲ್ಲಿ ಬುರುಡೆ ಹಿಡಿದು ನಿಂತಾಗ ಅವನು ಹಿಯರಾನಿಮೊನ ಕುಲದವನೇ: ಸತ್ತವಳಿಗೆ ನ್ಯಾಯ ಸಿಗದೆ ಒಂಬತ್ತು ವರ್ಷ ಕಳೆದಿದೆ, ಕೊಂದವನೇ ಆಳುತ್ತಿದ್ದಾನೆ. ಆದರೆ ನಾಟಕ ಮುಂದುವರಿದಂತೆ ಬುರುಡೆ ಪ್ರೇಯಸಿಯ ನೆನಪಾಗಿ ಉಳಿಯುವುದಿಲ್ಲ, ವಿಷದ ಪಾತ್ರೆಯಾಗುತ್ತದೆ. ಅವನು ಯಾರ ಪರವಾಗಿ ಮೊರೆಯಿಡುತ್ತಿದ್ದನೋ ಅವಳನ್ನೇ ಉಪಕರಣ ಮಾಡಿಕೊಂಡ. ನಾನು ಸಹಾನುಭೂತಿಯ ಕೊನೆ ಎಂದು ಗುರುತಿಸುವ ಜಾಗ ಇದು. ಕಪಟವಲ್ಲ, ಕ್ರೌರ್ಯದ ಪ್ರಮಾಣವೂ ಅಲ್ಲ. ಎಲ್ಲ ಮುಗಿದ ಮೇಲೆ ವಿಂಡಿಚೆ ತಾನಾಗಿಯೇ ಹೊಸ ಪ್ರಭುವಾದ ಇನ್ನೊಬ್ಬ ಆಂಟೋನಿಯೊನ ಮುಂದೆ ಕೊಲೆಯ ಕೌಶಲವನ್ನು ಕೊಚ್ಚಿಕೊಳ್ಳುತ್ತಾನೆ, ಆಂಟೋನಿಯೊ ತಕ್ಷಣ ಅವನನ್ನು ಮರಣದಂಡನೆಗೆ ಕಳಿಸುತ್ತಾನೆ. ಪ್ರೇಕ್ಷಕ ಬೆಚ್ಚಿಬೀಳುತ್ತಾನೆ, ಅಳುವುದಿಲ್ಲ. ಹಿಯರಾನಿಮೊ ಕೂಡ ಕೊನೆಯಲ್ಲಿ ಎಲ್ಲ ಹೇಳುತ್ತಾನೆ. ಆದರೆ ಹೇಳುವ ಮುಂಚೆ ಪರದೆ ಸರಿಸಿ ಮಗನ ಹೆಣ ತೋರಿಸುತ್ತಾನೆ. ಕೊನೆಯವರೆಗೂ ಅವನ ಮಾತಿನ ಕೇಂದ್ರ ಹೊರೇಷಿಯೊ.

ಓದುಗ: ಇದರ ಎದುರು ತುದಿಯಲ್ಲಿ 1611ರ ‘ದಿ ಏಥಿಸ್ಟ್ಸ್ ಟ್ರ್ಯಾಜಿಡಿ’ ಇದೆ. ಅಲ್ಲಿ ತಂದೆಯ ಪ್ರೇತವೇ ಬಂದು ಮಗ ಚಾರ್ಲೆಮಾಂಟ್‌ಗೆ ಸೇಡು ಬೇಡ, ದೇವರಿಗೆ ಬಿಡು ಎನ್ನುತ್ತದೆ. ಅವನು ಬಿಡುತ್ತಾನೆ. ಖಳ ಕೊಡಲಿ ಎತ್ತಿ ತನ್ನ ತಲೆಯನ್ನೇ ಒಡೆದುಕೊಂಡು ಸಾಯುತ್ತಾನೆ. ಧರ್ಮಕ್ಕೂ ಕಾನೂನಿಗೂ ಒಪ್ಪುವ ನಾಯಕ. ಅವನಿಗಲ್ಲವೆ ಪೂರ್ಣ ಸಹಾನುಭೂತಿ ಸಲ್ಲಬೇಕಾದದ್ದು?

ನೋಡುಗ: ಸಲ್ಲಬೇಕು, ಆದರೆ ಸಲ್ಲುವುದಿಲ್ಲ. ಗೌರವ ಸಲ್ಲುತ್ತದೆ. ಅವನ ಅಹವಾಲು ಮೇಲೆ ತಲುಪಿದೆ ಎಂದು ಪ್ರೇತ ಭರವಸೆ ಕೊಟ್ಟಾಗಿದೆ. ಇನ್ನು ನಾವು ಕೇಳಿಸಿಕೊಳ್ಳಬೇಕಾದ ತುರ್ತು ಏನು? ಹಿಯರಾನಿಮೊ ಕೈಯಲ್ಲಿ ಪುಸ್ತಕ ಹಿಡಿದು, ಸೇಡು ದೇವರದು ಎಂಬ ವಾಕ್ಯವನ್ನು ಮೊದಲು ಹೇಳಿಕೊಂಡು, ಆಮೇಲೆ ರೋಮಿನ ನಾಟಕಕಾರ ಸೆನೆಕನ ಮಾತುಗಳ ಕಡೆ ಜಾರುವಾಗ ಆಕಾಶದಿಂದ ಉತ್ತರ ಬರುವುದಿಲ್ಲ. ಆ ಮೌನ ಇಲ್ಲದ ಕಡೆ ಈ ಬಗೆಯ ಮರುಕವೂ ಹುಟ್ಟುವುದಿಲ್ಲ.

ಓದುಗ: ಆದರೂ ಒಂದು ಅಳುಕು ಉಳಿಯುತ್ತದೆ. ಕಿವಿ ಕೊಟ್ಟವರು ಎಂದು ನೀವು ಪ್ರೇಕ್ಷಕರಿಗೆ ದೊಡ್ಡ ಸ್ಥಾನ ಕೊಟ್ಟಿದ್ದೀರಿ. ಆದರೆ ಲೊರೆಂಜೊ ಸಾಯಲಿ ಎಂದು ಕಾದು ಕೂತವರೂ ಅವರೇ. ಮರುಕದ ಹೆಸರಿನಲ್ಲಿ ಅವರು ಕೊಲೆಯನ್ನೇ ಬಯಸಿದರು.

ನೋಡುಗ: ಬಯಸಿದರು. ಕಿಡ್ ಅದನ್ನು ಮರೆಮಾಡುವುದಿಲ್ಲ. ಅದಕ್ಕೇ ಅವನು ರಂಗದ ಮೇಲೆಯೇ ಎರಡು ಬಗೆಯ ಪ್ರೇಕ್ಷಕರನ್ನು ಕೂರಿಸಿದ್ದಾನೆ. ಒಂದು, ಸ್ಪೇನಿನ ಆಸ್ಥಾನ. ಕಣ್ಣೆದುರು ನಿಜವಾದ ರಕ್ತ ಹರಿಯುವಾಗ ಅವರು ಅಭಿನಯ ಚೆನ್ನಾಗಿದೆ ಎಂದು ಮೆಚ್ಚುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ. ಇನ್ನೊಂದು, ಸತ್ತ ಆಂಡ್ರಿಯಾನ ಪ್ರೇತ. ಅವನು ಮೊದಲಿನಿಂದ ಕೊನೆಯವರೆಗೆ, ಸೇಡೆಂಬ ಮೂರ್ತಿಯ ಪಕ್ಕದಲ್ಲಿ, ನಮ್ಮ ಹಾಗೆ ಎಲ್ಲವನ್ನೂ ನೋಡುತ್ತಾ ಕೂತವನು. ಅವನಿಗೆ ಎಲ್ಲ ಗೊತ್ತು. ಕೊನೆಯಲ್ಲಿ ಅವನು ತನ್ನ ಮನಸ್ಸಿಗೆ ತೃಪ್ತಿ ಕೊಟ್ಟ ದೃಶ್ಯಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಲೊರೆಂಜೊ, ಬಾಲ್ತಜಾರ್ ಆ ಪಟ್ಟಿಯಲ್ಲಿ ಇರುವುದು ಸಹಜ. ಆದರೆ ಅದರಲ್ಲಿ ಹೊರೇಷಿಯೊನ ಕೊಲೆಯೂ ಇದೆ, ರಣರಂಗದಲ್ಲಿ ಆಂಡ್ರಿಯಾನ ಶವಕ್ಕೆ ಸಂಸ್ಕಾರ ಮಾಡಿದ ಗೆಳೆಯನದು. ಇಸಬೆಲ್ಲಾಳ ಸಾವಿದೆ, ಆಂಡ್ರಿಯಾ ಪ್ರೀತಿಸಿದ ಬೆಲ್-ಇಂಪೀರಿಯಾಳ ಸಾವಿದೆ, ಹಿಯರಾನಿಮೊನದೂ ಇದೆ. ಎಲ್ಲ ಕಂಡು, ಎಲ್ಲ ತಿಳಿದು, ಯಾರಿಗೂ ಮರುಗದ ಪ್ರೇಕ್ಷಕ ಹೇಗಿರುತ್ತಾನೆ ಎಂದು ಕಿಡ್ ತೋರಿಸಿದ್ದಾನೆ. ನಮ್ಮಲ್ಲೂ ಆ ತೃಪ್ತಿಯ ಅಂಶ ಇದೆ, ನೀವು ಹೇಳಿದ್ದು ಸರಿ. ಆದರೆ ಅಲ್ಲಿ ಹೊರೇಷಿಯೊನ ಹೆಸರು ಕೇಳಿದಾಗ ಆಂಡ್ರಿಯಾನ ಮಾತಿಗೆ ನಮ್ಮ ಮನಸ್ಸು ಓಗೊಡುವುದಿಲ್ಲ.

ಓದುಗ: ಮತ್ತೆ ಕ್ಯಾಸ್ಟೈಲ್‌ನ ಡ್ಯೂಕ್? ಅವನ ಅಹವಾಲು ಕೇಳುವವರು ಯಾರು?

ನೋಡುಗ: ನಾವೇ ಕೇಳಬೇಕು. ಅಣ್ಣತಮ್ಮಂದಿರಲ್ಲಿ ಉಳಿದವನು ರಾಜ. ಹಿಯರಾನಿಮೊನ ಕೂಗನ್ನು ಅಂದು ಗಮನಿಸದವನು ಈಗ ಸೋದರನ ಶವದ ಹಿಂದೆ ಅಳುತ್ತಾ ನಡೆಯುತ್ತಾನೆ. ನನ್ನ ಅಳತೆಗೋಲು ನಿಜವಾಗಿದ್ದರೆ ಡ್ಯೂಕನಿಗೂ ಮರುಗಲೇಬೇಕು, ಅದರಿಂದ ನಾನು ತಪ್ಪಿಸಿಕೊಳ್ಳುವುದಿಲ್ಲ. ಆಂಡ್ರಿಯಾ ಮಾತ್ರ ನಾಟಕ ಮುಗಿಯುವ ಮುನ್ನ ಡ್ಯೂಕನಿಗೂ ಪಾತಾಳದಲ್ಲಿ ಶಿಕ್ಷೆ ಗೊತ್ತುಮಾಡುತ್ತಾನೆ: ರಣಹದ್ದಿಗೆ ಆಹಾರವಾಗಿದ್ದ ಟಿಟಿಯಸ್‌ನನ್ನು ಬಿಡಿಸಿ ಅವನ ಜಾಗದಲ್ಲಿ ಡ್ಯೂಕನನ್ನು ಹಾಕಬೇಕಂತೆ. ಆ ತೀರ್ಪನ್ನು ಒಪ್ಪುವ ಪ್ರೇಕ್ಷಕನಿಗಾಗಿ ಕಿಡ್ ಈ ನಾಟಕ ಬರೆದ ಎಂದು ನಾನು ನಂಬಲಾರೆ.